ನಾವು ಮಾಡಿದ್ದನ್ನ ಯಾರು ಉಣ್ತಾರ?

ಬರಹ ಸ್ವಲ್ಪ ಉದ್ದ ಆಗೇತಿ. ಪುರುಸೊತ್ತು ಮಾಡಿಕೊಂಡು ಕೊನೆತನಕ ಓದ್ರಿ. ಮನೆಯಲ್ಲಿ ಪಿಯುಸಿ ಓದೋ ಮಕ್ಕಳು ಇದ್ದವರಂತೂ ಓದಲೇಬೇಕು.

ಹೋದ ತಿಂಗಳು ರೋಣದ ಬಸ್ ಸ್ಟ್ಯಾಂಡಿನಲ್ಲಿ ಗಜೇಂದ್ರಗಡದ ಬಸ್ಸಿಗೆ ಕಾಯ್ತಾ ನಿಂತಿದ್ದೆ. ನಮ್ಮ ಕಾರ್ಯಕ್ರಮಗಳಿಗೆ ತಪ್ಪದೇ ಬರೋ ಹಿರಿಯರೊಬ್ಬರು ಮಗಳ ಜೊತೆ ಸಿಕ್ಕರು. ಮಗಳು ಪಿಯುಸಿ ಎರಡನೇ ವರ್ಷ. ಆಕೆ ಸೀದಾ ವಿಷಯಕ್ಕೇ ಬಂದಳು.

"ಕಾಕಾ, ನಾ ಶೆಫ್ ಆಗ್ಬೇಕಂತ ಮಾಡೇನಿ. ಅಡಿಗಿ ಕಲಿಸೋ ಟಾಪ್ ಕಾಲೇಜು ಯಾವ್ದೈತ್ರಿ? ಫೋನಿನ್ಯಾಗ ನೋಡಿದ್ರ ಒಬ್ಬೊಬ್ರು ಒಂದೊಂದು ಹೇಳ್ತಾರ."

ನಾನು ಬಾಯಿ ತೆರೆಯೋದರೊಳಗೆ ಅವರಪ್ಪ ಅಂದರು: "ತಮ್ಮಾ, ನೀನರ ಈಕಿಗೆ ಬುದ್ಧಿ ಹೇಳೋ. ನರ್ಸಿಂಗ್ ಮಾಡು, ಬಿ.ಎ. ಮಾಡು ಅಂದ್ರ ಕೇಳವಲ್ಲಳು. ಅಲ್ಲೋ, ನಾವು ಮಾಡಿದ್ದನ್ನ ಯಾರು ಉಣ್ತಾರ?"

ಬಸ್ ಬಂತು, ಹತ್ತಿದೆ. ಮಗಳು ಕೇಳಿದ್ದು ಕಾಲೇಜಿನ ಪ್ರಶ್ನೆ, ಅಪ್ಪ ಕೇಳಿದ್ದು ಇತಿಹಾಸದ ಪ್ರಶ್ನೆ. ಅಪ್ಪನ ಪ್ರಶ್ನೆ ದಾಟದೆ ಮಗಳ ಪ್ರಶ್ನೆಗೆ ಉತ್ತರ ಹೇಳೋಕಾಗಲ್ಲ ಅನ್ನಿಸಿತು. ಅದಕ್ಕೇ ಈ ಬರಹ.

*

ನಮ್ಮ ಕಡೆ ಹೋಟೆಲಿನ ಬೋರ್ಡ್ ಓದಿದರೆ ಅಡುಗೆಮನೆಯ ಜಾತಿ ಗೊತ್ತಾಗ್ತದೆ. ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ, ಉಡುಪಿ ಹೋಟೆಲ್, ಮರಾಠಾ ಊಟ. ಸಾವಜಿ ಅಂದ್ರೆ ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆಯ ನೇಕಾರ ಸಮುದಾಯ, ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು. ಮಗ್ಗದ ಮನೆಯ ಖಾರದ ಮಟನ್ ಸಾರು ಇವತ್ತು ಊರೂರಲ್ಲಿ ಹೆಸರು ಮಾಡೇತಿ. ದುಡಿಯೋ ಜನರ ಅಡುಗೆ ಗೆದ್ದಿದ್ದು ಸಂತೋಷವೇ.

ಆದರೆ "ಮಾದಿಗರ ಖಾನಾವಳಿ", "ಚಲವಾದಿ ಮನೆ ಊಟ" ಅನ್ನೋ ಬೋರ್ಡು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿಲ್ಲ. ನಮ್ಮವರು ಹೋಟೆಲ್ ಇಟ್ಟಿಲ್ಲ ಅಂತಲ್ಲ. ಇಟ್ಟವರು ದೇವರ ಹೆಸರು ಬರೆಸ್ತಾರೆ, ತಾಯಿ ಹೆಸರು ಬರೆಸ್ತಾರೆ, ಜಾತಿ ಮಾತ್ರ ಬಾಯಿಬಿಡಲ್ಲ. ಬೇರೆಯವರಿಗೆ ಜಾತಿ ಹೆಸರು ಗಿರಾಕಿ ತರ್ತದೆ. ನಮಗೆ ಅದೇ ಹೆಸರು ಗಿರಾಕಿ ಓಡಿಸ್ತದೆ.

ನಾನು ಸಣ್ಣವನಿದ್ದಾಗ ಊರಿನ ಒಂದು ಚಹಾದಂಗಡಿಯಲ್ಲಿ ನಮ್ಮ ಕೇರಿಯವರ ಕಪ್ಪು ಹೊರಗಿನ ಗೋಡೆಯ ಗೂಡಿನಲ್ಲಿ ಇರ್ತಿತ್ತು. ನಾವೇ ತಗೊಂಡು ತೊಳೆದು ಹಿಡೀಬೇಕು, ಅವರು ಮೇಲಿಂದ ಸುರೀಬೇಕು. ಕುಡಿದಾದ ಮೇಲೆ ತೊಳೆದು ಅಲ್ಲೇ ಇಡಬೇಕು. ಕಪ್ಪಿನ ಕಿವಿ ಮುರಿದಿತ್ತು ಅನ್ನೋದೊಂದೇ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತಿ.

ಆಗ ಕಾನೂನು ಇರಲಿಲ್ಲವಾ? ಇತ್ತು. ಒಂದಲ್ಲ, ಮೂರು ನಾಲ್ಕು ಇದ್ದವು. ನಮ್ಮ ಭಾಗ 1956ರ ತನಕ ಬಾಂಬೆ ಪ್ರಾಂತ್ಯ. ಅಲ್ಲಿ ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆಯೇ ಹರಿಜನರ ಸಾಮಾಜಿಕ ನಿರ್ಬಂಧ ನಿವಾರಣೆಯ ಕಾಯ್ದೆ ಬಂದಿತ್ತು. 1950ರಲ್ಲಿ ಸಂವಿಧಾನ ಬಂತು. 15ನೇ ವಿಧಿಯ ಎರಡನೇ ಖಂಡದಲ್ಲಿ ಬಾಬಾಸಾಹೇಬರು ಮತ್ತು ಸಂವಿಧಾನ ಸಭೆ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಅಂತ ಹೆಸರು ಹಿಡಿದೇ ಬರೆದರು. 17ನೇ ವಿಧಿ ಅಸ್ಪೃಶ್ಯತೆಯನ್ನೇ ಅಳಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾದದ್ದು, ಅದರ 4ನೇ ಸೆಕ್ಷನ್ ಹೋಟೆಲಿನ ಪಾತ್ರೆ ಪಗಡ ಬಳಸೋ ಹಕ್ಕನ್ನೂ ಹೇಳ್ತದೆ. ಅಂದ್ರೆ ಗೋಡೆಗೂಡಿನ ಆ ಕಿವಿ ಮುರಿದ ಕಪ್ಪು ಕಾನೂನಿನ ಪ್ರಕಾರ ಒಂದು ಅಪರಾಧದ ಸಾಕ್ಷಿ.

ಅದೇ ಸೆಕ್ಷನ್ನಿನಲ್ಲಿ ಯಾರನ್ನೂ ಯಾವ ವೃತ್ತಿಯಿಂದಲೂ ತಡೀಬಾರದು ಅಂತಲೂ ಐತಿ. ಆದರೆ ನೋಡ್ರಿ, ಕಾನೂನು ಹೋಟೆಲಿನ ಮುಂದಿನ ಬಾಗಿಲಿಗೆ ಬಂದಷ್ಟು ಹಿಂದಿನ ಅಡುಗೆಮನೆಗೆ ಬರಲಿಲ್ಲ. ಒಳಗೆ ಕೂರಿಸಲಿಲ್ಲ ಅಂದ್ರೆ ದೂರು ಕೊಡಬಹುದು. ಅಡುಗೆ ಕೆಲಸಕ್ಕೆ ಕರೀಲೇ ಇಲ್ಲ ಅನ್ನೋದನ್ನ ಯಾವ ಠಾಣೆಯಲ್ಲಿ ಬರೆಸೋದು? ನಮ್ಮ ಹೋರಾಟವೂ ಬಹುಕಾಲ ಮುಂದಿನ ಬಾಗಿಲಲ್ಲೇ ನಿಂತಿತ್ತು. ಕೂತು ಉಣ್ಣೋ ಹಕ್ಕು ಕೇಳಿದೆವು. ಬಡಿಸೋ ಹಕ್ಕು, ಮಾಡಿ ಹಾಕೋ ಹಕ್ಕು ಕೇಳಿದ್ದು ಕಡಿಮೆ.

*

ಅಡುಗೆ ಕಲಿಸೋ ಶಾಲೆ ಬರೋಕಿಂತ ಮೊದಲು ಅಡುಗೆ ಕಲಿಸ್ತಿದ್ದದ್ದು ಯಾರು? ಜಾತಿ.

ಉಡುಪಿ ಹೋಟೆಲಿನ ಇತಿಹಾಸ ನೋಡ್ರಿ. ಕರಾವಳಿಯ ಬಡ ಬ್ರಾಹ್ಮಣ ಕುಟುಂಬಗಳ ಹುಡುಗರು ಮಠದ ಅಡುಗೆ, ಮದುವೆ ಅಡುಗೆಯ ಬಳಗದಿಂದ ಮದ್ರಾಸು, ಬೊಂಬಾಯಿ, ಬೆಂಗಳೂರು ಸೇರಿದರು. ಮಾಣಿಯಾಗಿ ಹೊಕ್ಕವನು ಭಟ್ಟ ಆದ, ಭಟ್ಟ ಮಾಲೀಕ ಆದ. ಅವರ ಬಡತನ ಸುಳ್ಳಲ್ಲ, ದುಡಿಮೆಯೂ ಸುಳ್ಳಲ್ಲ. ಆದರೆ ಆ ಅಡುಗೆಮನೆಯ ಬಾಗಿಲು ತೆರೆಯೋ ಕೀಲಿಕೈ ಹುಟ್ಟಿನಲ್ಲಿತ್ತು. ಇವತ್ತಿನ ಎಂಟಿಆರ್ 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದರ ಹೆಸರೇ ಬ್ರಾಹ್ಮಿನ್ ಕಾಫಿ ಕ್ಲಬ್. 1957ರಲ್ಲಿ ಮದ್ರಾಸಿನಲ್ಲಿ ಪೆರಿಯಾರ್ ಅನುಯಾಯಿಗಳು ಒಂದು ಹೋಟೆಲಿನ ಬೋರ್ಡಿನಿಂದ "ಬ್ರಾಹ್ಮಣ" ಪದ ತೆಗೆಸೋಕೆ ತಿಂಗಳುಗಟ್ಟಲೆ ಪಿಕೆಟಿಂಗ್ ಮಾಡಿ ಜೈಲಿಗೆ ಹೋದರು. ಆ ಪದ ಬರೀ ಅಲಂಕಾರ ಆಗಿದ್ದರೆ ಅಷ್ಟು ಜನ ಜೈಲು ಸೇರಬೇಕಿತ್ತಾ? ಒಳಗೆ ಅಡುಗೆ ಮಾಡೋ ಕೈ ಯಾವುದು ಅಂತ ಗಿರಾಕಿಗೆ ಕೊಡೋ ಗ್ಯಾರಂಟಿ ಅದು.

ನಮ್ಮ ಕೆಲಸ ಏನಿತ್ತು? ಊರ ಗೌಡರ ಮನೆ ಮದುವೆ ಬಂತಂದ್ರೆ ಒಲೆಗೆ ಗುಂಡಿ ತೋಡೋದು, ಕಟ್ಟಿಗೆ ಒಡೆಯೋದು, ಉಂಡ ಎಲೆ ಎತ್ತೋದು. ಒಲೆ ನಮ್ಮ ಕೈಯಿಂದ, ಬೆಂಕಿ ನಮ್ಮ ಬೆವರಿಂದ. ಪಾತ್ರೆ ಒಲೆ ಮೇಲೆ ಏರಿದ ಕೂಡಲೇ ನಾವು ದೂರ ಸರೀಬೇಕು. ಎಲ್ಲರ ಊಟ ಆದಮೇಲೆ ಉಳಿದದ್ದಕ್ಕೆ ಪಾತ್ರೆ ಹಿಡಿದು ನಿಲ್ಲಬೇಕು.

ಇದು ದಾಸೋಹದ ನಾಡು ಅಂತಾರೆ. ಹೌದು, 12ನೇ ಶತಮಾನದ ಶರಣರು ಒಟ್ಟಿಗೆ ಕೂತು ಉಂಡರು. ಚೋಳರಾಜನ ಮೃಷ್ಟಾನ್ನ ಬಿಟ್ಟು ಶಿವ ಮಾದಾರ ಚೆನ್ನಯ್ಯನ ಅಂಬಲಿ ಉಂಡ ಅನ್ನೋ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪುರಾಣದಾಗ ಶಿವ ಉಂಡ. ಊರಾಗ ಶಿವನ ಭಕ್ತರು ಉಣ್ಣಲಿಲ್ಲ.

ನಮ್ಮೊಳಗಿನ ಮಾತನ್ನೂ ಮುಚ್ಚಿಡಬಾರದು. ಹೊಲೆಯರ ಮನೆಯವರು ಮಾದಿಗರ ಮನೆಯಲ್ಲಿ ಉಣ್ಣದ ದಿನಗಳು ನಮ್ಮಲ್ಲೂ ಇದ್ದವು, ಕೆಲವು ಕಡೆ ಇನ್ನೂ ಅದಾವು. ಬಾಬಾಸಾಹೇಬರ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ 1920ರ ದಶಕದ ಕೊನೆಗೆ ನಡೆಸಿದ ವಿದ್ಯಾರ್ಥಿನಿಲಯಗಳಲ್ಲಿ ಒಂದು ನಮ್ಮ ಧಾರವಾಡದಲ್ಲೇ ಇತ್ತು. ಹಾಸ್ಟೆಲ್ ಅಂದ್ರೆ ಬರೀ ಓದೋ ಕೋಣೆ ಅಲ್ಲ. ಬೇರೆಬೇರೆ ಕೇರಿಯ ಮಕ್ಕಳು ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣೋ ಜಾಗ. ನಮ್ಮ ಮಟ್ಟಿಗೆ ಅದೂ ಒಂದು ಅಡುಗೆ ಶಾಲೆಯೇ.

*

ಇನ್ನು ಸರ್ಕಾರದ ಅಡುಗೆ ಶಾಲೆಗೆ ಬರೋಣ. ದೇಶದ ಮೊದಲ ಸರ್ಕಾರಿ ಮಾನ್ಯತೆಯ ಕೇಟರಿಂಗ್ ಕಾಲೇಜು 1954ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು. ಶುರು ಮಾಡಿದ್ದು ಅಖಿಲ ಭಾರತ ಮಹಿಳಾ ಕೇಂದ್ರೀಯ ಆಹಾರ ಮಂಡಳಿ, ಅದರ ಮುಂದಾಳು ಲೀಲಾವತಿ ಮುನ್ಷಿ. ಅದು ದೇಶದಲ್ಲಿ ಕಾಳುಕಡಿ ಕೊರತೆಯ ಕಾಲ. ಇರೋದರಲ್ಲೇ ಜನರಿಗೆ ಪೌಷ್ಟಿಕ ಊಟ ಮಾಡಿ ಹಾಕೋದು ಹೇಗೆ ಅನ್ನೋ ಚಿಂತೆಯಿಂದ ಹುಟ್ಟಿದ ಮಂಡಳಿ ಅದು. ಮುಂದೆ 1960ರ ದಶಕದಲ್ಲಿ ದೆಹಲಿ, ಕಲ್ಕತ್ತಾ, ಮದ್ರಾಸಿನಲ್ಲಿ ಇಂಥ ಸಂಸ್ಥೆಗಳು ಬಂದವು. ಇವೆಲ್ಲ ಮೊದಲು ಆಹಾರ ಇಲಾಖೆಯ ಕೈಯಲ್ಲಿದ್ದವು, 1980ರ ದಶಕದಲ್ಲಿ ಪ್ರವಾಸೋದ್ಯಮ ಇಲಾಖೆಗೆ ಹೋದವು. 1982ರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟಿನ ನ್ಯಾಷನಲ್ ಕೌನ್ಸಿಲ್ ಸ್ಥಾಪನೆ ಆಯ್ತು. ಹಸಿವಿನಿಂದ ಶುರುವಾದ ಶಾಲೆ ಪಂಚತಾರಾ ಹೋಟೆಲಿನ ದಾರಿ ಹಿಡಿದ ಕತೆ ಇದು.

ಇದೊಂದೇ ಕತೆ ಅಲ್ಲ. ಅಮೆರಿಕದ ಹೆಸರಾಂತ ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ 1946ರಲ್ಲಿ ಶುರುವಾದದ್ದು ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ ಒಂದು ಕಸುಬು ಕಲಿಸೋಕೆ. ಹೊಟ್ಟೆಪಾಡಿನ ಶಾಲೆಗಳೇ ಮುಂದೆ ದೊಡ್ಡವರ ಶಾಲೆಗಳಾದವು.

ನಮಗೆ ಈ ಇತಿಹಾಸದಲ್ಲಿ ಮುಖ್ಯವಾದದ್ದು ಬೇರೆ. ಅಡುಗೆಯನ್ನ ಸರ್ಕಾರಿ ಸಂಸ್ಥೆಯಲ್ಲಿ, ಪರೀಕ್ಷೆ ಬರೆಸಿ, ಮೀಸಲಾತಿ ಕೊಟ್ಟು ಕಲಿಸೋದು ಶುರುವಾದಾಗ ಈ ನೆಲದ ಇತಿಹಾಸದಲ್ಲಿ ಮೊದಲ ಸಲ ಒಂದು ಮಾತು ಕಾಗದದ ಮೇಲೆ ಬಂತು: ಮಾದಿಗರ ಹುಡುಗಿಗೂ ಒಲೆ ಮುಂದೆ ನಿಲ್ಲೋ ಹಕ್ಕೈತಿ, ಆಕೆಗೆ ಕಲಿಸೋದು ಮೇಷ್ಟ್ರ ಕರ್ತವ್ಯ. ಯಾರದೋ ದಯೆ ಅಲ್ಲ. ಕೇಂದ್ರದ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಒಬಿಸಿಗೆ ಶೇ. 27 ಸೀಟು.

ಇದರ ಬೇರು ಹುಡುಕಿದರೆ ಮತ್ತೆ ಬಾಬಾಸಾಹೇಬರ ಹತ್ತಿರವೇ ಹೋಗಿ ನಿಲ್ತೀವಿ. 1942ರಲ್ಲಿ ವೈಸರಾಯ್ ಕೌನ್ಸಿಲ್ ಸದಸ್ಯರಾದ ಕೂಡಲೇ ಅವರು ವೈಸರಾಯ್‌ಗೆ ಮನವಿಪತ್ರ ಕೊಟ್ಟರು. ಅದರಲ್ಲಿ ನಮ್ಮ ಮಕ್ಕಳ ತಾಂತ್ರಿಕ ಶಿಕ್ಷಣಕ್ಕೆ, ವಿದೇಶದ ಓದಿಗೆ ಹಣ ಕೇಳಿದರು. 1944ರಿಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯ್ತು. ಬರೀ ಬಿ.ಎ. ಓದಿ ಗುಮಾಸ್ತರಾದರೆ ಸಾಲದು, ಕೈಕಸುಬಿನ ಹೊಸ ಜಗತ್ತಿಗೂ ನಮ್ಮವರು ಹೋಗಬೇಕು ಅನ್ನೋದು ಅವರ ಲೆಕ್ಕ. ಹಳೇ ಕಸುಬು ಹುಟ್ಟಿನಿಂದ ಅಂಟಿದ್ದು. ಹೊಸದು ಕಲಿತು ಆರಿಸಿಕೊಂಡದ್ದು.

*

"ಕಾಗದದ ಮೇಲಿನ ಮಾತು ಬ್ಯಾಡೋ ತಮ್ಮಾ, ಉಣ್ತಾರೇನು ಹೇಳು" ಅಂತ ಆ ಹಿರಿಯರು ಕೇಳಬಹುದು. ನ್ಯಾಯವಾದ ಮಾತು. ಅದನ್ನೂ ನೋಡೋಣ.

2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಬೇಕು ಅಂದಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮುಂದಿನ ವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2004ರ ಏಪ್ರಿಲ್ 20ರ ಆದೇಶದಲ್ಲಿ ಅದೇ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಅಡುಗೆಯವರು, ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು. ನನ್ನ ಪ್ರಕಾರ ಅಡುಗೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಆದೇಶ ಇನ್ನೊಂದಿಲ್ಲ. ನಮ್ಮ ಅಕ್ಕ ತಂಗಿಯರು ಮಾಡಿದ ಅನ್ನ ಸಾರು ಊರಿನ ಎಲ್ಲ ಜಾತಿಯ ಮಕ್ಕಳ ತಟ್ಟೆಗೆ ಬಿದ್ದದ್ದು ಆಗಲೇ.

ಮುಂದೆ ಏನಾಯ್ತು? ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಮಹಿಳೆ ಅಡುಗೆ ಮಾಡ್ತಾರೆ ಅಂತ ಜನ ಮಕ್ಕಳನ್ನೇ ಶಾಲೆ ಬಿಡಿಸಿದ್ದು 2015ರ ಸುಮಾರಿಗೆ ದೇಶಕ್ಕೆಲ್ಲ ಸುದ್ದಿಯಾಯ್ತು. ಹತ್ತು ವರ್ಷದ ಮೇಲೆ, 2025ರ ಜೂನ್‌ನಲ್ಲಿ, ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದಿಂದ ಅಂಥದ್ದೇ ಸುದ್ದಿ ಬಂತು. ನಮ್ಮ ಗಜೇಂದ್ರಗಡದ ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪೈತಲ್ಲ? ಕ್ಷೌರದಂಗಡಿ, ಹೋಟೆಲಿಗೆ ಬಿಡದ ಜಗಳ ಬೆಳೆದು 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಳಿಕ ಹೈಕೋರ್ಟಿನಲ್ಲಿ ಬಹಳ ಮಂದಿಗೆ ಜಾಮೀನೂ ಸಿಕ್ಕಿತು.

ಹಂಗಾಗಿ ಆ ಅಪ್ಪನ ಭಯ ಮೂಢನಂಬಿಕೆ ಅಲ್ಲ, ಅನುಭವ. ಆದರೆ ಇದೇ ಇತಿಹಾಸದ ಇನ್ನೊಂದು ಮಗ್ಗುಲೂ ಐತಿ. ಸಾವಿರಾರು ಶಾಲೆಗಳಲ್ಲಿ ನಮ್ಮವರು ದಿನಾ ಬೇಯಿಸ್ತಾರೆ, ಮಕ್ಕಳು ದಿನಾ ಉಣ್ತಾರೆ, ಇನ್ನೊಂದು ಸಲ ಸಾರು ಕೇಳಿ ಹಾಕಿಸಿಕೊಳ್ತಾರೆ. ಅದು ಸುದ್ದಿಯಾಗಲ್ಲ. ನಾವು ಮಾಡಿದ್ದನ್ನ ಯಾರು ಉಣ್ತಾರ ಅಂದ್ರೆ, ಇಪ್ಪತ್ತು ವರ್ಷದಿಂದ ಉಂಡು ದೊಡ್ಡವರಾದ ಒಂದು ತಲೆಮಾರೇ ಐತಿ ಅಣ್ಣಾ. ಕೊರತೆ ಇರೋದು ಬೇರೆ ಕಡೆ. ಬಿಸಿಯೂಟದ ಅಕ್ಕಂದಿರಿಗೆ ಸಿಗೋದು ಗೌರವಧನ, ಸಂಬಳ ಅಲ್ಲ. ಅದೇ ಕೆಲಸಕ್ಕೆ ಪದವಿ, ಬಿಳಿ ಕೋಟು, ಉದ್ದ ಟೋಪಿ ಬಂದರೆ ಹೆಸರು ಶೆಫ್, ಸಂಬಳವೂ ಬೇರೆ. ಮನೆಯಲ್ಲಿ ಹೆಣ್ಣು ಮಾಡಿದರೆ ಅಡಿಗಿ, ಹೋಟೆಲಿನಲ್ಲಿ ಗಂಡು ಮಾಡಿದರೆ ಉದ್ಯೋಗ ಅನ್ನೋ ಲೆಕ್ಕವೂ ಇಲ್ಲೇ ಕೂತೈತಿ. ಆ ಹುಡುಗಿ ದಾಟಬೇಕಾದ ಗೋಡೆ ಎರಡು.

*

ಕಾಲೇಜಿಗೆ ಹೋದರೆ ಅಲ್ಲಿ ಕಲಿಸೋದು ಏನು? ಮೊದಮೊದಲಿಗೇ ಸ್ಟಾಕ್. ಅಂದ್ರೆ ಎಲುಬನ್ನ ತಾಸುಗಟ್ಟಲೆ ಕುದಿಸಿ ತೆಗೆದ ಸಾರ. ಅದರ ಮೇಲೆ ಫ್ರೆಂಚರ ಮೂಲ ಸಾಸುಗಳು: ಬೆಶಮೆಲ್, ವೆಲೂಟೆ, ಎಸ್ಪಾನ್ಯೋಲ್, ಹಾಲಂಡೈಸ್, ಟೊಮ್ಯಾಟೊ. ಈ ಪಾಠವನ್ನೆಲ್ಲ ಅಚ್ಚುಕಟ್ಟು ಮಾಡಿ 1903ರಲ್ಲಿ ಪುಸ್ತಕ ಮಾಡಿದವನು ಆಗಸ್ಟ್ ಎಸ್ಕಾಫಿಯೆ. ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಇವರಿಗೆ ಸಾಸು, ಇವರಿಗೆ ಮಾಂಸ, ಇವರಿಗೆ ಸಿಹಿ ಅಂತ ಸೈನ್ಯದ ಥರ ಕೆಲಸ ಹಂಚಿದವನೂ ಅವನೇ. ಅವನು ಯಾರ ಮಗ ಗೊತ್ತಾ? ಫ್ರಾನ್ಸಿನ ಒಂದು ಹಳ್ಳಿಯ ಕಮ್ಮಾರನ ಮಗ.

ಎಲುಬು ಕುದಿಸೋದನ್ನ ನಮ್ಮ ಅವ್ವಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಊರವರು ಬೇಡ ಅಂತ ಬಿಟ್ಟ ಎಲುಬು, ಬೋಟಿ, ತಲೆ, ಕಾಲುಗಳಿಂದಲೇ ನಮ್ಮ ರುಚಿ ಬೆಳೆದದ್ದು. ಖಂಡವನ್ನ ಸಣ್ಣಗೆ ಸೀಳಿ, ಉಪ್ಪು ಅರಿಶಿನ ಹಚ್ಚಿ, ಹಗ್ಗಕ್ಕೆ ಹಾಕಿ ಬಿಸಿಲಿಗೆ ಒಣಗಿಸಿ ಮಳೆಗಾಲಕ್ಕೆ ಇಡ್ತಿದ್ದರು. ಹಗ್ಗದ ಮೇಲೆ ಖಂಡ ಕಂಡವರು ಮೂಗು ಮುಚ್ಚಿಕೊಂಡು ಕೇರಿ ದಾಟ್ತಿದ್ದರು. ಯುರೋಪಿನಲ್ಲಿ ಮಾಂಸ ಉಪ್ಪು ಹಚ್ಚಿ ಕಾಪಿಡೋದಕ್ಕೆ ಶಾರ್ಕುಟ್ರಿ ಅಂತ ಹೆಸರು, ಅದೊಂದು ಪ್ರತ್ಯೇಕ ವಿದ್ಯೆ. ಕುರಿಯ ರಕ್ತ ಹಿಡಿದು ಉಳ್ಳಾಗಡ್ಡಿ ಹಾಕಿ ಹುರಿದರೆ ನಮ್ಮನ್ನ ಅಸಹ್ಯ ಅಂದರು. ಫ್ರೆಂಚರು ಹಂದಿಯ ರಕ್ತದಿಂದ ಮಾಡೋ ಬೂದಾಂ ನ್ವಾರ್ ದೊಡ್ಡ ರೆಸ್ಟೋರೆಂಟಿನ ಮೆನುವಿನಲ್ಲಿ ಐತಿ. ಪದಾರ್ಥ ಹೆಚ್ಚು ಕಡಿಮೆ ಒಂದೇ. ಮಾಡಿದವರ ಕುಲ ಬೇರೆ.

ಮರಾಠಿಯ ಶಾಹೂ ಪಾಟೋಳೆ ಮರಾಠವಾಡದ ಮಹಾರ್, ಮಾಂಗ್ ಮನೆಗಳ ಅಡುಗೆ ಬಗ್ಗೆ 2015ರಲ್ಲಿ ಪುಸ್ತಕ ಬರೆದರು. 2024ರಲ್ಲಿ ಅದು "ದಲಿತ್ ಕಿಚನ್ಸ್ ಆಫ್ ಮರಾಠವಾಡ" ಅಂತ ಇಂಗ್ಲಿಷಿಗೂ ಬಂತು. ರೋಣ, ನರಗುಂದದ ಎರೆಹೊಲದ ಕೇರಿಗಳ ಅಡುಗೆಯನ್ನ ಯಾರು ಬರೀತಾರೆ? ಜೋಳದ ನುಚ್ಚು, ಸಂಗಟಿ, ಹೊಲದ ಬದುವಿನ ಸೊಪ್ಪು, ಒಣಖಂಡದ ಸಾರು, ಬರಗಾಲದಲ್ಲಿ ತಿಂದದ್ದು, ಹಬ್ಬದಲ್ಲಿ ತಿಂದದ್ದು. ಎಷ್ಟೋ ಅಡುಗೆಯ ಬಗ್ಗೆ ಮಾತಾಡೋಕೂ ಇವತ್ತು ಜನ ಹಿಂದೆಮುಂದೆ ನೋಡ್ತಾರೆ. 2020ರ ಗೋಹತ್ಯೆ ಕಾಯ್ದೆ ಬಂದಮೇಲಂತೂ ಅಜ್ಜಿಯರು ಬಾಯಿಗೇ ಬೀಗ ಹಾಕಿಕೊಂಡಾರೆ. ಅಡುಗೆ ಓದಿದ ನಮ್ಮ ಮಕ್ಕಳೇ ಬರೀಬೇಕು. ಅಳತೆ ಸಮೇತ, ಹೆಸರು ಸಮೇತ.

*

ಈಗ ಮಗಳ ಪ್ರಶ್ನೆ. ಟಾಪ್ ಕಾಲೇಜು ಯಾವುದು?

ತಂಗೀ, ಟಾಪ್ ಅನ್ನೋದನ್ನ ಜಾಹೀರಾತಿನಿಂದ ಅಳೀಬ್ಯಾಡ. ನಿನ್ನಂಥ ಹುಡುಗಿಯನ್ನ ಹಕ್ಕಿನಿಂದ ಒಳಗೆ ಕರಕೊಂಡು, ಸಾಲ ಹೊರಿಸದೆ, ಕೈಗೆ ಕೆಲಸ ಕಲಿಸಿ ಹೊರಗೆ ಕಳಿಸೋ ಕಾಲೇಜೇ ನಮಗೆ ಟಾಪ್. ಈ ಅಳತೆ ಹಿಡಿದು ನನಗೆ ತಿಳಿದದ್ದು ಹೇಳ್ತೀನಿ.

ಮೊದಲ ಆಯ್ಕೆ ಕೇಂದ್ರ ಸರ್ಕಾರದ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲಿ ಐಎಚ್‌ಎಂ. ಬೆಂಗಳೂರಿನದ್ದು ಶೇಷಾದ್ರಿ ರಸ್ತೆಯ ಎಸ್.ಜೆ. ಪಾಲಿಟೆಕ್ನಿಕ್ ಆವರಣದಲ್ಲಿ ಐತಿ. ಮುಂಬೈ, ಹೈದರಾಬಾದ್, ಗೋವಾದಲ್ಲೂ ಅದಾವು. ನಮ್ಮ ಗದಗ ಜಿಲ್ಲೆಯವರಿಗೆ ಬೆಂಗಳೂರಿಗಿಂತ ಗೋವಾ ಹತ್ತಿರ ಅನ್ನೋದನ್ನ ಮರೀಬ್ಯಾಡ. ನಮ್ಮ ಜನ ಅಲ್ಲಿಗೆ ಗಾರೆ ಕೆಲಸಕ್ಕೆ, ಕೂಲಿಗೆ ತಲೆಮಾರಿನಿಂದ ಹೋಗ್ತಾರೆ. ಅಪ್ಪ ಹೋಟೆಲ್ ಕಟ್ಟೋಕೆ ಹೋದ ಊರಿಗೆ ಮಗಳು ಹೋಟೆಲಿನ ಅಡುಗೆ ಕಲಿಯೋಕೆ ಹೋಗಲಿ. ಪಿಯುಸಿ ಆದಮೇಲೆ ಮೂರು ವರ್ಷದ ಬಿ.ಎಸ್ಸಿ., ಪದವಿ ಜೆಎನ್‌ಯುದ್ದು. ಪ್ರವೇಶಕ್ಕೆ ಎನ್‌ಸಿಎಚ್‌ಎಂ ಜೆಇಇ ಅನ್ನೋ ಪರೀಕ್ಷೆ. ಪಿಯುಸಿ ರಿಸಲ್ಟಿಗೆ ಕಾಯ್ತಾ ಕೂತರೆ ಫಾರ್ಮ್ ತುಂಬೋ ದಿನ ಮುಗಿದಿರ್ತದೆ, ಪರೀಕ್ಷೆಗೆ ಮುಂಚಿನ ಚಳಿಗಾಲದಿಂದಲೇ ವಿಚಾರಿಸ್ತಾ ಇರಬೇಕು. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡು.

ಬರೀ ಅಡುಗೆಯೇ ಬೇಕು, ರೂಮು ರಿಸೆಪ್ಶನ್ ಬೇಡ ಅನ್ನೋರಿಗೆ ಪ್ರವಾಸೋದ್ಯಮ ಇಲಾಖೆಯದ್ದೇ ಇಂಡಿಯನ್ ಕಲಿನರಿ ಇನ್‌ಸ್ಟಿಟ್ಯೂಟ್ ತಿರುಪತಿಯಲ್ಲಿ, ನೋಯ್ಡಾದಲ್ಲಿ ಐತಿ.

ಖಾಸಗಿಯಲ್ಲಿ ಹೆಸರು ಮಾಡಿದವು ಮಣಿಪಾಲದ ವೆಲ್‌ಕಮ್‌ಗ್ರೂಪ್ ಗ್ರ್ಯಾಜುಯೇಟ್ ಸ್ಕೂಲ್, 1980ರ ದಶಕದ್ದು, ಮತ್ತು ಹೈದರಾಬಾದಿನ ಕಲಿನರಿ ಅಕಾಡೆಮಿ ಆಫ್ ಇಂಡಿಯಾ, 1996ರದ್ದು. ಕಲಿಸೋದರಲ್ಲಿ ಇವಕ್ಕೆ ಹೆಸರೈತಿ. ಆದರೆ ಖಾಸಗಿ ಅಂದಮೇಲೆ ಫೀಸು ಕೇಳಿ, ಸ್ಕಾಲರ್‌ಶಿಪ್ ಎಷ್ಟು ಬರ್ತದೆ ಅಂತ ಲೆಕ್ಕ ಹಾಕಿ, ಆಮೇಲೆ ಕನಸು ಕಾಣಬೇಕು. ಪ್ಯಾರಿಸ್‌ನಲ್ಲಿ 1895ರಲ್ಲಿ ಶುರುವಾದ ಲ ಕೊರ್ಡಾನ್ ಬ್ಲೂ ಥರದ ಶಾಲೆಗಳು ಪದವಿ, ಎರಡು ವರ್ಷ ಕೆಲಸ ಆದಮೇಲಿನ ಮಾತು.

ಹತ್ತನೇ ತರಗತಿಗೇ ನಿಂತವರಿಗೂ ಬಾಗಿಲು ಮುಚ್ಚಿಲ್ಲ. ಐಎಚ್‌ಎಂಗಳಲ್ಲಿ ಒಂದೂವರೆ ವರ್ಷದ ಫುಡ್ ಪ್ರೊಡಕ್ಷನ್ ಸರ್ಟಿಫಿಕೇಟ್ ಕೋರ್ಸ್ ಇರ್ತದೆ. ಐಟಿಐಗಳಲ್ಲಿ ಒಂದು ವರ್ಷದ ಫುಡ್ ಪ್ರೊಡಕ್ಷನ್ ಟ್ರೇಡ್ ಐತಿ, ಯಾವ ಐಟಿಐನಲ್ಲಿ ಅಂತ ವಿಚಾರಿಸಬೇಕು.

ಯಾವ ಕಾಲೇಜಿಗೆ ಹೋದರೂ ಇಷ್ಟು ಕೇಳು. ವಾರಕ್ಕೆ ಎಷ್ಟು ದಿನ ನನ್ನ ಕೈಯಿಂದ ಅಡುಗೆ ಮಾಡಿಸ್ತೀರಿ, ಎಷ್ಟು ದಿನ ಬರೀ ನೋಡಿಸ್ತೀರಿ? ಒಂದು ಒಲೆಗೆ ಎಷ್ಟು ಮಂದಿ? ಹೋಟೆಲಿನ ತರಬೇತಿಗೆ ಎಲ್ಲಿಗೆ ಕಳಿಸ್ತೀರಿ, ಅಲ್ಲಿ ಇಳಿದುಕೊಳ್ಳೋ ಖರ್ಚು ಯಾರದು? ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಐತಾ? ಚಾಕುವಿನ ಸೆಟ್ಟು, ಕೋಟು, ಶೂ ಸೇರಿ ಒಟ್ಟು ಎಷ್ಟು? ಎಸ್‌ಸಿ ಎಸ್‌ಟಿ ಸೆಲ್ ಕೆಲಸ ಮಾಡ್ತದಾ? ಹಿಂದಿನ ವರ್ಷ ಪಾಸಾದ ನಮ್ಮ ಹುಡುಗರಿಬ್ಬರ ಫೋನ್ ನಂಬರ್ ಕೊಡ್ತೀರಾ? ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವರ್ಷದ ಆದಾಯ ಎರಡೂವರೆ ಲಕ್ಷದ ಒಳಗಿರಬೇಕು. ಆ ಹಣ ಬರೋದು ತಡ ಆಗ್ತದೆ ಅಂತಲೇ ತಿಳಿದು ಮೊದಲ ವರ್ಷಕ್ಕೆ ಕೈಯಲ್ಲಿ ಸ್ವಲ್ಪ ಇಟ್ಟುಕೊಂಡಿರಬೇಕು.

ಆರು ತಿಂಗಳಲ್ಲಿ ದುಬೈ ಕೆಲಸ, ಲೋನ್ ನಾವೇ ಮಾಡಿಸ್ತೀವಿ ಅನ್ನೋ ಅಕಾಡೆಮಿಗಳ ಬಾಗಿಲಿಗೆ ಹೋಗಬ್ಯಾಡ. ನಮ್ಮ ಕಡೆಯ ಇಬ್ಬರು ಹುಡುಗರು ಹಂಗೇ ಹೋಗಿ, ಕೋರ್ಸಿನ ಹೆಸರಲ್ಲಿ ಪಾತ್ರೆ ತೊಳೆದು, ಬಡ್ಡಿ ಕಟ್ತಾ ವಾಪಸ್ ಬಂದದ್ದು ನಾನೇ ನೋಡೇನಿ.

*

ಕೊನೆಗೆ ನಮ್ಮ ಸಂಘಟನೆಗಳಿಗೆ ಒಂದು ಮಾತು. ಎನ್‌ಟಿಎ ನಡೆಸೋ ನೀಟ್ ಪರೀಕ್ಷೆಯನ್ನ ಕನ್ನಡದಲ್ಲಿ ಬರೀಬಹುದು. ಅದೇ ಎನ್‌ಟಿಎ ನಡೆಸೋ ಈ ಹೋಟೆಲ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಯಾಕ? ರೊಟ್ಟಿ ಬಡಿಯೋಕೆ, ಸಾಸು ಕುದಿಸೋಕೆ ಹಿಂದಿ ಬೇಕಾ? ಮೀಸಲು ಸೀಟು ಕೊಟ್ಟಂಗ ಮಾಡಿ ಭಾಷೆಯ ಗೇಟು ಹಾಕಿದರೆ ಕಿವಿ ಮುರಿದ ಕಪ್ಪಿಗೂ ಇದಕ್ಕೂ ಏನು ವ್ಯತ್ಯಾಸ? ಕನ್ನಡದಲ್ಲಿ ಪರೀಕ್ಷೆ ಬೇಕು ಅಂತ ನಾವು ಮನವಿ ಕೊಡೋಣ, ಬೀದಿಗೂ ಇಳಿಯೋಣ. ಅಲ್ಲೀತನಕ ರೋಣ, ನರಗುಂದ, ಗಜೇಂದ್ರಗಡದ ಹಾಸ್ಟೆಲುಗಳಲ್ಲಿ ರವಿವಾರ ಎರಡು ತಾಸು ಇಂಗ್ಲಿಷ್, ಲೆಕ್ಕ ಹೇಳಿಕೊಡೋಕೆ ಯಾರು ಬರ್ತೀರಿ? ಕಾಮೆಂಟಿನಲ್ಲಿ ಹೆಸರು ಹಾಕ್ರಿ. ಹೋಟೆಲ್ ಅಡುಗೆಮನೆಯಲ್ಲಿ ಈಗಾಗಲೇ ದುಡೀತಿರೋ ನಮ್ಮವರು ಇದ್ದರೆ ಇನ್‌ಬಾಕ್ಸಿಗೆ ಬರ್ರಿ. ಆ ಹುಡುಗಿಗೆ ನನ್ನ ಮಾತಿಗಿಂತ ನಿಮ್ಮ ಮಾತು ಹೆಚ್ಚು ಬೇಕು.

ಮೊನ್ನೆ ಆ ಹಿರಿಯರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು: "ಆತು ತಮ್ಮಾ, ಫಾರ್ಮ್ ತುಂಬಲಿ. ಆದ್ರ ಒಂದು ಮಾತು. ಕಲ್ತು ಬಂದ ಮ್ಯಾಲೆ ಊರಾಗ ಒಂದು ಖಾನಾವಳಿ ಹಾಕಿದ್ರ, ಬೋರ್ಡಿನ ಮ್ಯಾಲೆ ನಮ್ಮವ್ವನ ಹೆಸರು ಬರಸ್ಬೇಕು. ಆಕಿ ಒಣಖಂಡದ ಸಾರು ಮಾಡಿದ್ರ ಕೇರಿ ತುಂಬ ವಾಸನಿ ಬರ್ತಿತ್ತು."

ಮುಂದಿನ ಮನಿಯಿಂದ ನಾನಂತೂ ಮೊದಲ ಪಂಕ್ತಿಗೆ ಬರ್ತೀನಿ ಅಂದೆ. ನೀವೂ ಬರ್ರಿ.

ಜೈ ಭೀಮ್.